ಮುರಿದ ಬಿಜಾಗರಿಗೆ ಯಾವ ಲೋಹ?

ಬಾಗಿಲಿನ ಬಿಜಾಗರಿಯನ್ನು ಹತ್ತಿರದಿಂದ ನೋಡಿದ್ದೀರಾ? ಎರಡು ಲೋಹದ ಪಟ್ಟಿಗಳು, ಅವುಗಳ ಅಂಚಿನಲ್ಲಿ ಸುತ್ತಿದ ಕೊಳವೆ, ಆ ಕೊಳವೆಯ ಒಳಗೆ ಒಂದು ಸಣ್ಣ ಸರಳು. ಬಾಗಿಲು ತಿರುಗುವುದು ಈ ಸರಳಿನ ಸುತ್ತ. ಅದು ಸವೆದು ಕೆಳಗೆ ಜಾರಿತೆಂದರೆ ಬಾಗಿಲು ವಾಲುತ್ತದೆ, ನೆಲಕ್ಕೆ ಉಜ್ಜುತ್ತದೆ, ಚಿಲಕ ತನ್ನ ತೂತಿಗೆ ಸೇರುವುದಿಲ್ಲ. ಅಂಗಡಿಯಲ್ಲಿ ಸರಳನ್ನು ಮಾತ್ರ ಬಿಡಿಯಾಗಿ ಕೊಡುವುದಿಲ್ಲ. ಅಜ್ಜನ ಕಾಲದ ಬಾಗಿಲಾದರೆ ಅದರ ಅಳತೆಯ ಬಿಜಾಗರಿ ಸಿಗುವುದೂ ಕಷ್ಟ.

ಆಗ ಮನೆಯವರು ಮಾಡುವುದು ಒಂದೇ ಕೆಲಸ. ಕೈಗೆ ಸಿಕ್ಕ ಮೊಳೆಯನ್ನೋ ತಂತಿಯ ತುಂಡನ್ನೋ ತೂರಿಸಿ ತುದಿಯನ್ನು ಮಡಚುತ್ತಾರೆ. ಇಂಥ ದುರಸ್ತಿ ಕೆಲವೊಮ್ಮೆ ಹತ್ತು ವರ್ಷ ಬಾಳುತ್ತದೆ. ಕೆಲವೊಮ್ಮೆ ಎಂಟೇ ದಿನಕ್ಕೆ ಬಾಗಿಲು ಮತ್ತೆ ವಾಲುತ್ತದೆ. ತೂರಿಸಿದ ಲೋಹ ಯಾವುದು ಎಂಬುದರ ಮೇಲೆ ಇದು ನಿಂತಿದೆ. ಮಕ್ಕಳೇ, ಬಾವಿಯ ಗಡಗಡೆಯ ಕೊಕ್ಕೆ, ಬಂಡಿಯ ಕಡಾಣಿ, ಬಕೆಟ್ಟಿನ ಹಿಡಿ, ಹೀಗೆ ಮನೆಯಲ್ಲೇ ಮಾಡಿಕೊಳ್ಳುವ ಬದಲಿ ಭಾಗಗಳು ಎಷ್ಟೋ ಇವೆ. ಎಲ್ಲದಕ್ಕೂ ಒಗ್ಗುವ ಲೋಹ ಒಂದೂ ಇಲ್ಲ. ಯಾವುದಕ್ಕೆ ಯಾವುದು ಎಂದು ಹೇಗೆ ತಿಳಿಯುವುದು?

ಡಬ್ಬದಲ್ಲಿ ಇರುವುದು ಏನು?

ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಹಳೆಯ ಮೊಳೆ, ಸ್ಕ್ರೂ, ನಟ್ಟು, ವಾಷರ್ ತುಂಬಿದ ಒಂದು ಡಬ್ಬ ಇರುತ್ತದೆ. ಅದನ್ನು ಹಳೆಯ ಪತ್ರಿಕೆಯ ಮೇಲೆ ಸುರಿದು ಒಂದು ಅಯಸ್ಕಾಂತವನ್ನು ಹಿಡಿಯಿರಿ. ಅಂಟಿಕೊಂಡದ್ದೆಲ್ಲ ಕಬ್ಬಿಣ ಅಥವಾ ಉಕ್ಕು. ಹೊಳೆಯುವ ಹಿತ್ತಾಳೆಯ ಸ್ಕ್ರೂ ಎಂದುಕೊಂಡದ್ದೂ ಅಯಸ್ಕಾಂತಕ್ಕೆ ಅಂಟಿದರೆ ಬೆರಗಾಗಬೇಡಿ. ಅದು ಕಬ್ಬಿಣವೇ, ಮೇಲೆ ಹಿತ್ತಾಳೆಯ ತೆಳು ಲೇಪ ಮಾತ್ರ ಇದೆ. ಲೇಪ ಸವೆದ ದಿನ ತುಕ್ಕು ಹೊರಬರುತ್ತದೆ.

ಅಂಟದೆ ಉಳಿದವುಗಳಲ್ಲಿ ತಾಮ್ರ ಕೆಂಪು, ಹಿತ್ತಾಳೆ ಹಳದಿ. ಬಣ್ಣದಿಂದಲೇ ಗುರುತು ಸಿಗುತ್ತದೆ. ಬಿಳಿ ಮತ್ತು ಬೂದು ಬಣ್ಣದವುಗಳಲ್ಲಿ ತೊಡಕಿದೆ. ಅಲ್ಯೂಮಿನಿಯಂ ಇರಬಹುದು, ಸ್ಟೇನ್‌ಲೆಸ್ ಸ್ಟೀಲ್ ಇರಬಹುದು (ಹಲವು ಬಗೆಯ ಸ್ಟೇನ್‌ಲೆಸ್ ಸ್ಟೀಲ್ ಅಯಸ್ಕಾಂತಕ್ಕೆ ಅಂಟುವುದಿಲ್ಲ), ಸತುವಿನ ಮಿಶ್ರಲೋಹ ಇರಬಹುದು. ಇಲ್ಲಿ ಸಾಂದ್ರತೆ ನೆರವಿಗೆ ಬರುತ್ತದೆ. ಅಳತೆ ಗುರುತಿರುವ ಲೋಟದಲ್ಲಿ ನೀರು ತುಂಬಿ, ತೂಕ ಮಾಡಿದ ಲೋಹದ ತುಂಡನ್ನು ದಾರ ಕಟ್ಟಿ ಮುಳುಗಿಸಿ. ನೀರು ಎಷ್ಟು ಮಿಲಿಲೀಟರ್ ಏರಿತು ನೋಡಿ. 54 ಗ್ರಾಂ ತೂಗುವ ತುಂಡು 20 ಮಿಲಿಲೀಟರ್ ಏರಿಸಿದರೆ ಒಂದು ಘನ ಸೆಂಟಿಮೀಟರಿಗೆ 2.7 ಗ್ರಾಂ ಆಯಿತು. ಅದು ಅಲ್ಯೂಮಿನಿಯಂ. ಸತುವಾದರೆ 7.1, ಕಬ್ಬಿಣವಾದರೆ 7.9, ಹಿತ್ತಾಳೆ ಸುಮಾರು 8.5, ತಾಮ್ರ ಸುಮಾರು 9, ಸೀಸ 11.3.

ಸತುವಿನ ಮಿಶ್ರಲೋಹದ ಬಗ್ಗೆ ಒಂದು ಮಾತು. ಅಗ್ಗದ ನಲ್ಲಿಯ ಹಿಡಿ, ಕಪಾಟಿನ ಹಿಡಿ ಮುಂತಾದವನ್ನು ಇದರಲ್ಲಿ ಎರಕ ಹೊಯ್ದು ಮೇಲೆ ಹೊಳಪಿನ ಲೇಪ ಕೊಟ್ಟಿರುತ್ತಾರೆ. ನೋಡಲು ಸ್ಟೀಲಿನಂತೆ ಇರುತ್ತದೆ. ಆದರೆ ಮುರಿದಾಗ ಬಿಸ್ಕತ್ತಿನಂತೆ ಮುರಿಯುತ್ತದೆ, ಒಳಗೆ ಬೂದು ಬಣ್ಣದ ಹರಳು ಹರಳು ಕಾಣುತ್ತದೆ. ಭಾರ ಹೊರುವ ಕೆಲಸಕ್ಕೆ ಇದನ್ನು ನೆಚ್ಚಬಾರದು.

ಕಬ್ಬಿಣದಲ್ಲೂ ಜಾತಿಗಳಿವೆ

ಮೊಳೆಯೂ ಕಬ್ಬಿಣ, ಕುಡುಗೋಲೂ ಕಬ್ಬಿಣ, ದೋಸೆಯ ಕಾವಲಿಯೂ ಕಬ್ಬಿಣ. ಆದರೆ ಮೊಳೆಯನ್ನು ಸುತ್ತಿಗೆಯಿಂದ ಬಗ್ಗಿಸಬಹುದು, ಕುಡುಗೋಲು ಬಗ್ಗಿದರೂ ಮತ್ತೆ ನೆಟ್ಟಗಾಗುತ್ತದೆ, ಬೀಡು ಕಬ್ಬಿಣದ ಕಾವಲಿ ಕೆಳಗೆ ಬಿದ್ದರೆ ಸೀಳುತ್ತದೆ. ಏಕೆ?

ಕಬ್ಬಿಣದ ಜೊತೆ ಬೆರೆತ ಇಂಗಾಲವೇ ಮುಖ್ಯ ಕಾರಣ. ಮೊಳೆ, ತಂತಿ, ಸಾಮಾನ್ಯ ಬಿಜಾಗರಿಗಳ ಮೆದು ಉಕ್ಕಿನಲ್ಲಿ ನೂರರಲ್ಲಿ ಕಾಲು ಭಾಗಕ್ಕಿಂತ ಕಡಿಮೆ, ಎಂದರೆ ಶೇಕಡಾ 0.25ಕ್ಕಿಂತ ಕಡಿಮೆ ಇಂಗಾಲ ಇರುತ್ತದೆ. ಉಳಿ, ಅರ, ಸ್ಪ್ರಿಂಗುಗಳ ಉಕ್ಕಿನಲ್ಲಿ ಶೇಕಡಾ 0.5ರಿಂದ ಒಂದಕ್ಕಿಂತ ತುಸು ಹೆಚ್ಚಿನವರೆಗೆ. ಬೀಡು ಕಬ್ಬಿಣದಲ್ಲಿ 2ರಿಂದ 4. ಇಷ್ಟೇ ಇಷ್ಟು ಇಂಗಾಲ ಇಡೀ ಲೋಹದ ಗುಣವನ್ನು ಬದಲಿಸಿಬಿಡುತ್ತದೆ.

ನಿಮ್ಮ ಊರಿನಲ್ಲಿ ಕುಲುಮೆ ಇದ್ದರೆ ಒಂದು ಸಂಜೆ ಹೋಗಿ ಕುಳಿತು ನೋಡಿ. ಕಮ್ಮಾರರು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಮಚ್ಚು ಮಾಡುತ್ತಾರೆ. ಪಟ್ಟಿಯನ್ನು ಕೆಂಪಗೆ ಕಾಯಿಸಿ, ಬಡಿದು, ಅಂಚು ತೆಗೆದು, ಮತ್ತೆ ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದುತ್ತಾರೆ. ಚುಂಯ್ ಎಂದು ತಣ್ಣಗಾದ ಉಕ್ಕು ಈಗ ಬಹಳ ಗಡುಸು, ಆದರೆ ಗಾಜಿನಂತೆ ಪೆಡಸು. ಆದ್ದರಿಂದ ಅದನ್ನು ಮತ್ತೆ ತುಸು ಬಿಸಿ ಮಾಡುತ್ತಾರೆ. ಉಜ್ಜಿ ಬೆಳಗಿದ ಉಕ್ಕಿನ ಮೇಲೆ ಸುಮಾರು 220ರಿಂದ 230 ಡಿಗ್ರಿಗೆ ಹುಲ್ಲಿನ ಹಳದಿ ಬಣ್ಣ, 300 ಡಿಗ್ರಿಯ ಹೊತ್ತಿಗೆ ನೀಲಿ ಬಣ್ಣ ಮೂಡುತ್ತದೆ. ಹಳದಿಯಲ್ಲಿ ನಿಲ್ಲಿಸಿದರೆ ಹರಿತ ಉಳಿಯುತ್ತದೆ, ನೀಲಿಯವರೆಗೆ ಹೋದರೆ ಸ್ಪ್ರಿಂಗಿನ ಗುಣ ಬರುತ್ತದೆ. ಇದನ್ನೇ ‘ಹದ’ ಎನ್ನುವುದು. ಥರ್ಮಾಮೀಟರ್ ಇಲ್ಲದೆ ಕಣ್ಣಳತೆಯಲ್ಲೇ ಅವರು ಇದನ್ನು ಹಿಡಿಯುತ್ತಾರೆ.

ಈಗ ಬಂಡಿಯ ಕಡಾಣಿಗೆ ಬನ್ನಿ. ಗಾಲಿ ಅಚ್ಚಿನಿಂದ ಹೊರಗೆ ಜಾರದಂತೆ ತಡೆಯುವ ಕೀಲು ಅದು. ಬಲವಾಗಿರಲಿ ಎಂದು ಸವೆದ ಅರವೊಂದನ್ನು ಕತ್ತರಿಸಿ ಕಡಾಣಿ ಮಾಡಿದರೆ ಏನಾದೀತು? ಅರ ಬಲು ಗಡುಸು, ನಿಜ. ಆದರೆ ಬಂಡಿ ಕಲ್ಲಿನ ಮೇಲೆ ಹತ್ತಿಳಿದಾಗ ಗಾಲಿ ಕಡಾಣಿಯನ್ನು ಬಡಿಯುತ್ತದೆ. ಗಡುಸು ಅರ ಒಂದು ದಿನ ಯಾವ ಸೂಚನೆಯನ್ನೂ ಕೊಡದೆ ಪಟ್ಟನೆ ಮುರಿಯುತ್ತದೆ. ಮೆದು ಉಕ್ಕಿನ ಕಡಾಣಿ ಹಾಗಲ್ಲ. ಅದು ಮೊದಲು ಬಾಗುತ್ತದೆ. ಬಾಗಿದ್ದು ಕಣ್ಣಿಗೆ ಕಾಣುತ್ತದೆ, ಬದಲಿಸಲು ಸಮಯ ಸಿಗುತ್ತದೆ. ಗಡುಸುತನ ಬೇರೆ, ಗಟ್ಟಿತನ ಬೇರೆ. ಏಟು ಬೀಳುವ ಜಾಗದಲ್ಲಿ ಬೇಕಾದದ್ದು ಎರಡನೆಯದು.

ಕೊಕ್ಕೆಯ ಲೆಕ್ಕ

ಬಾವಿಯ ಗಡಗಡೆಯನ್ನು ತೊಲೆಗೆ ನೇತುಹಾಕುವ ಕೊಕ್ಕೆಯನ್ನು ನೋಡೋಣ. ಮೆದು ಉಕ್ಕಿನ ಸರಳನ್ನು ನೇರವಾಗಿ ಎಳೆದರೆ, ಅದರ ದಪ್ಪದ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 25 ಕಿಲೋಗ್ರಾಂ ಭಾರದವರೆಗೆ ತಡೆಯುತ್ತದೆ. ಅದನ್ನು ದಾಟಿದರೆ ಶಾಶ್ವತವಾಗಿ ಹಿಗ್ಗುತ್ತದೆ. 6 ಮಿಲಿಮೀಟರ್ ವ್ಯಾಸದ ಸರಳಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 28 ಚದರ ಮಿಲಿಮೀಟರ್. ಗುಣಿಸಿದರೆ 700 ಕಿಲೋಗ್ರಾಂ! ಒಂದು ಕೊಡ ನೀರಿಗೆ ಧಾರಾಳವಾಯಿತು ಅನ್ನಿಸುತ್ತದೆ ಅಲ್ಲವೆ?

ಆದರೆ ಕೊಕ್ಕೆ ನೇರ ಸರಳಲ್ಲ. ಭಾರ ಅದನ್ನು ಎಳೆಯುವುದಕ್ಕಿಂತ ಹೆಚ್ಚಾಗಿ ಬಗ್ಗಿಸುತ್ತದೆ, ಬಾಯಿ ತೆರೆಸುತ್ತದೆ. ಭಾರ ತೂಗುವ ಗೆರೆಯಿಂದ ಸರಳು ಒಂದೂವರೆ ಸೆಂಟಿಮೀಟರ್ ದೂರ ಇದ್ದರೆ, ಅದೇ 6 ಮಿಲಿಮೀಟರ್ ಸರಳಿನ ಕೊಕ್ಕೆ 30ರಿಂದ 35 ಕಿಲೋಗ್ರಾಂ ಆಸುಪಾಸಿನಲ್ಲೇ ಅಗಲವಾಗತೊಡಗುತ್ತದೆ. ಎಲ್ಲಿಯ 700, ಎಲ್ಲಿಯ 35! ಗಡಗಡೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ಒಂದು ಬದಿಯಲ್ಲಿ 15 ಕಿಲೋಗ್ರಾಂ ಕೊಡ ತೂಗುತ್ತಿದ್ದರೆ ಇನ್ನೊಂದು ಬದಿಯಲ್ಲಿ ನೀವೂ ಅಷ್ಟೇ ಬಲದಿಂದ ಹಗ್ಗ ಜಗ್ಗುತ್ತಿರುತ್ತೀರಿ. ಎರಡೂ ಸೇರಿ ಕೊಕ್ಕೆಯ ಮೇಲೆ 30 ಕಿಲೋಗ್ರಾಂ ಬೀಳುತ್ತದೆ. ಅದರ ಮೇಲೆ ಜಗ್ಗಿದಾಗಿನ ಏಟು ಬೇರೆ. ಕೊಕ್ಕೆ ದಿನಕ್ಕಿಷ್ಟು ಬಾಯಿ ತೆರೆಯುತ್ತಾ ಹೋಗಿ ಒಂದು ದಿನ ಗಡಗಡೆಯೇ ಕಳಚಿ ಬೀಳುತ್ತದೆ. ಕೆಳಗೆ ಬಗ್ಗಿ ನೀರು ಸೇದುವವರ ತಲೆ ಇರುತ್ತದೆ.

ಪರಿಹಾರ? ಅಪರೂಪದ ಲೋಹವನ್ನು ಹುಡುಕಬೇಕಾಗಿಲ್ಲ. ದುಂಡು ಸರಳಿನ ದಪ್ಪ ಎರಡರಷ್ಟಾದರೆ ಬಾಗುವುದನ್ನು ತಡೆಯುವ ಶಕ್ತಿ ಎಂಟರಷ್ಟಾಗುತ್ತದೆ (2×2×2). 12 ಮಿಲಿಮೀಟರಿನ ಸರಳು, ಕೊಕ್ಕೆಯ ಬದಲು ಬಾಯಿ ಮುಚ್ಚಿ ಬೆಸುಗೆ ಹಾಕಿದ ಬಳೆ, ಅಷ್ಟೇ ಸಾಕು. ಅಲ್ಯೂಮಿನಿಯಂ ಸರಳು ಮಾತ್ರ ಬೇಡ. ಅದೇ ಅಳತೆಯ ಉಕ್ಕಿಗಿಂತ ಅದು ಸುಮಾರು ಮೂರರಷ್ಟು ಹೆಚ್ಚು ಬಾಗುತ್ತದೆ.

ಇನ್ನು ಗಡಗಡೆಯ ನಡುವಿನ ಅಚ್ಚು. ಇಲ್ಲಿ ಉಜ್ಜಾಟ ಹೆಚ್ಚು. ಕಬ್ಬಿಣದ ಮೇಲೆ ಕಬ್ಬಿಣ ಎಣ್ಣೆಯಿಲ್ಲದೆ ತಿರುಗಿದರೆ ಕಿರುಗುಡುತ್ತದೆ, ಎರಡೂ ಸವೆಯುತ್ತವೆ, ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಉಕ್ಕಿನ ಅಚ್ಚಿಗೆ ಹಿತ್ತಾಳೆಯ ಅಥವಾ ಕಂಚಿನ ಬುಷ್, ಎಂದರೆ ಒಳಗೊಂದು ಸಣ್ಣ ಕೊಳವೆ ಹಾಕಿದರೆ ಸಲೀಸಾಗಿ ತಿರುಗುತ್ತದೆ. ಹಿತ್ತಾಳೆ ಉಕ್ಕಿಗಿಂತ ಮೆದು. ಆದ್ದರಿಂದ ಸವೆಯುವುದು ಅದೇ. ಅದನ್ನು ಬದಲಿಸುವುದು ಸುಲಭ, ಅಚ್ಚು ಉಳಿಯುತ್ತದೆ. ಜೋಡಿಯಲ್ಲಿ ಯಾವುದು ಸವೆಯಬೇಕು ಎಂದು ನಾವೇ ಮೊದಲು ತೀರ್ಮಾನಿಸಿದಂತೆ ಆಯಿತು.

ಹಡಗಿನ ಮೊಳೆಗಳ ಕಥೆ

1761ರಲ್ಲಿ ಬ್ರಿಟನ್ನಿನ ನೌಕಾಪಡೆಯವರು ‘ಅಲಾರಂ’ ಎಂಬ ಮರದ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿದರು. ಸಮುದ್ರದಲ್ಲಿ ಮರ ಕೊರೆಯುವ ಹುಳುಗಳ ಕಾಟ ತಪ್ಪಿಸುವುದು ಅವರ ಉದ್ದೇಶ. ತಗಡನ್ನು ಬಡಿದದ್ದು ಕಬ್ಬಿಣದ ಮೊಳೆಗಳಿಂದ. ಹಡಗು ವೆಸ್ಟ್ ಇಂಡೀಸ್ ಕಡೆಗೆ ಹೋಗಿ ಬಂತು. 1763ರಲ್ಲಿ ಪರೀಕ್ಷಿಸಿದಾಗ ಹುಳು ಕೊರೆದಿರಲಿಲ್ಲ. ಆದರೆ ಎಷ್ಟೋ ಕಡೆ ತಗಡು ಕಳಚಿತ್ತು. ಕಬ್ಬಿಣದ ಮೊಳೆಗಳು ತಿಂದುಹಾಕಿದಂತೆ ಕರಗಿಹೋಗಿದ್ದವು.

ವಿಚಿತ್ರವೆಂದರೆ ಕೆಲವು ಮೊಳೆಗಳು ಚೆನ್ನಾಗಿಯೇ ಇದ್ದವು. ಏಕೆಂದು ಹುಡುಕಿದಾಗ ಕಂಡದ್ದು ಕಂದು ಬಣ್ಣದ ಕಾಗದ! ತಾಮ್ರದ ತಗಡುಗಳು ಕಾಗದದಲ್ಲಿ ಸುತ್ತಿ ಬಂದಿದ್ದವು. ಕೆಲವು ಕಡೆ ಕೆಲಸಗಾರರು ಕಾಗದ ತೆಗೆಯದೆ ಹಾಗೆಯೇ ಮೊಳೆ ಹೊಡೆದಿದ್ದರು. ಕಾಗದ ನಡುವೆ ಇದ್ದು ಕಬ್ಬಿಣಕ್ಕೆ ತಾಮ್ರ ತಾಗದ ಕಡೆ ಮೊಳೆ ಉಳಿದಿತ್ತು. ಉಪ್ಪುನೀರಿನಲ್ಲಿ ಈ ಎರಡು ಲೋಹಗಳು ಒಂದನ್ನೊಂದು ಮುಟ್ಟಬಾರದು ಎಂದು ಅವರು ಅರಿತರು. ಕಾರಣ ಮಾತ್ರ ಆಗ ತಿಳಿದಿರಲಿಲ್ಲ. ವೋಲ್ಟಾ ತಮ್ಮ ವಿದ್ಯುತ್ಕೋಶವನ್ನು ಲೋಕಕ್ಕೆ ತಿಳಿಸಿದ್ದು 1800ರಲ್ಲಿ.

ಎರಡು ಬೇರೆ ಬೇರೆ ಲೋಹ, ಅವುಗಳ ನಡುವೆ ಉಪ್ಪುನೀರು. ಇದೇ ಒಂದು ಸಣ್ಣ ವಿದ್ಯುತ್ಕೋಶ. ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುವ ಲೋಹ ಬೇಗ ಕ್ಷಯಿಸುತ್ತದೆ, ಇನ್ನೊಂದು ಉಳಿಯುತ್ತದೆ. ಕಬ್ಬಿಣ-ತಾಮ್ರದ ಜೋಡಿಯಲ್ಲಿ ಸಾಯುವುದು ಕಬ್ಬಿಣ. ಕಬ್ಬಿಣ-ಸತುವಿನ ಜೋಡಿಯಲ್ಲಿ ಸಾಯುವುದು ಸತು. ಜಿ.ಐ. ತಂತಿ, ಜಿ.ಐ. ಬಕೆಟ್ಟುಗಳ ಮೇಲೆ ಸತು ಲೇಪಿಸುವುದು ಇದೇ ಕಾರಣಕ್ಕೆ. ಲೇಪ ಒಂದು ಕಡೆ ಗೀಚಿಹೋದರೂ ಸುತ್ತಲಿನ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ.

ಹಡಗಿನಲ್ಲಿ ಇನ್ನೊಂದು ದೋಷವೂ ಇತ್ತು. ತಾಮ್ರದ ತಗಡು ದೊಡ್ಡದು, ಕಬ್ಬಿಣದ ಮೊಳೆ ಚಿಕ್ಕದು. ಅಷ್ಟು ದೊಡ್ಡ ತಗಡಿನ ಬೇಡಿಕೆಯನ್ನೆಲ್ಲ ಚಿಕ್ಕ ಮೊಳೆಗಳೇ ಪೂರೈಸಬೇಕಾದ್ದರಿಂದ ಅವು ಬೇಗ ಕರಗಿದವು. ಹಾಗಾಗಿ ಹಿತ್ತಾಳೆಯ ಬಿಜಾಗರಿಗೆ ಕಬ್ಬಿಣದ ಸ್ಕ್ರೂ ಹಾಕುವುದು ಕೆಟ್ಟ ಜೋಡಿ, ಅದರಲ್ಲೂ ಕಾರವಾರ, ಕುಂದಾಪುರದಂಥ ಕಡಲ ತೀರದ ಊರುಗಳಲ್ಲಿ. ಅಲ್ಲಿ ಗಾಳಿಯಲ್ಲೇ ಉಪ್ಪಿನ ತೇವ ಇರುತ್ತದೆ. ಹಿತ್ತಾಳೆಗೆ ಹಿತ್ತಾಳೆಯ ಸ್ಕ್ರೂ ಹಾಕುವುದೇ ಸರಿ.

ದೊಡ್ಡ ದೊಡ್ಡ ಎಂಜಿನಿಯರುಗಳಿಗೂ ಈ ತೊಂದರೆ ತಪ್ಪಿಲ್ಲ. ಅಮೆರಿಕದ ನ್ಯೂಯಾರ್ಕಿನಲ್ಲಿ 1886ರಲ್ಲಿ ನಿಲ್ಲಿಸಿದ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಮೈ ತಾಮ್ರದ್ದು, ಒಳಗಿನ ಪಟ್ಟಿಗಳು ಕಬ್ಬಿಣದವು. ಎರಡೂ ತಾಗದಂತೆ ನಡುವೆ ಇಟ್ಟಿದ್ದ ಪದರ ಕಾಲಕ್ರಮೇಣ ಹಾಳಾಯಿತು, ಪಟ್ಟಿಗಳು ತುಕ್ಕು ಹಿಡಿದು ಉಬ್ಬಿ ರಿವಿಟ್ಟುಗಳನ್ನು ಕಿತ್ತವು. 1986ಕ್ಕೆ ಮುಗಿದ ದುರಸ್ತಿಯಲ್ಲಿ ಆ ಪಟ್ಟಿಗಳನ್ನೆಲ್ಲ ತೆಗೆದು ಸ್ಟೇನ್‌ಲೆಸ್ ಸ್ಟೀಲಿನವನ್ನು ಹಾಕಿದರು.

ಸೋಲಲೆಂದೇ ಮಾಡಿದ ಭಾಗಗಳು

ಇಲ್ಲಿಯವರೆಗೆ ಗಟ್ಟಿಯಾಗಿ ಬಾಳುವ ಭಾಗಗಳ ಮಾತಾಯಿತು. ಆದರೆ ಮನೆಯಲ್ಲಿ ಕೆಲವು ಭಾಗಗಳನ್ನು ಬೇಕೆಂದೇ ದುರ್ಬಲವಾಗಿ ಮಾಡಿರುತ್ತಾರೆ. ಅವುಗಳ ಜಾಗಕ್ಕೆ ‘ಬಲವಾದ’ ಲೋಹ ಹಾಕುವುದು ಅತ್ಯಂತ ಅಪಾಯಕಾರಿ ದುರಸ್ತಿ.

ಫ್ಯೂಸ್ ತಂತಿಯನ್ನೇ ತೆಗೆದುಕೊಳ್ಳಿ. ತವರ-ಸೀಸದ ಮಿಶ್ರಲೋಹದ ತಂತಿ ಅಥವಾ ತವರ ಲೇಪಿಸಿದ ಕೂದಲೆಳೆಯಂಥ ತಾಮ್ರದ ತಂತಿ ಅದರಲ್ಲಿರುತ್ತದೆ. ವಿದ್ಯುತ್ ಮಿತಿಮೀರಿ ಹರಿದಾಗ ಅದು ಕರಗಿ ಸಂಪರ್ಕ ತುಂಡರಿಸಬೇಕು. ಪದೇ ಪದೇ ಫ್ಯೂಸ್ ಹೋಗುತ್ತದೆಂದು ಬೇಸತ್ತು ಕೆಲವರು ದಪ್ಪ ತಾಮ್ರದ ತಂತಿಯನ್ನು ಸುತ್ತಿಬಿಡುತ್ತಾರೆ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ತಂತಿ ದಪ್ಪವಾದಷ್ಟೂ ಅದು ಅಷ್ಟು ಬಿಸಿಯಾಗುವುದು ಕಷ್ಟ. ಗೋಡೆಯೊಳಗಿನ ತಂತಿಯ ಪ್ಲಾಸ್ಟಿಕ್ ಹೊದಿಕೆಯಾದರೋ ಸಾಮಾನ್ಯವಾಗಿ 70 ಡಿಗ್ರಿಯವರೆಗೆ ಮಾತ್ರ ತಾಳುವಂಥದು. ವಿದ್ಯುತ್ ಪ್ರವಾಹ ಎರಡರಷ್ಟಾದರೆ ಹುಟ್ಟುವ ಶಾಖ ನಾಲ್ಕರಷ್ಟು. ಫ್ಯೂಸ್ ಕರಗುವುದಿಲ್ಲ, ಗೋಡೆಯೊಳಗೆ ಬೆಂಕಿ ಹತ್ತುತ್ತದೆ. ಪಂಪ್‌ಸೆಟ್ಟಿನಲ್ಲಿ ಹೀಗೆ ಮಾಡಿದರೆ ಮೋಟಾರಿನ ಸುರುಳಿಯೇ ಫ್ಯೂಸಿನ ಕೆಲಸ ಮಾಡುತ್ತದೆ! ಈಗ ಹಲವು ಮನೆಗಳಲ್ಲಿ ಫ್ಯೂಸಿನ ಬದಲು ತಾನಾಗಿ ಬಿದ್ದುಕೊಳ್ಳುವ ಎಂ.ಸಿ.ಬಿ. ಇದೆ. ಅದು ಪದೇ ಪದೇ ಬಿದ್ದರೆ ದೋಷ ಬೇರೆಲ್ಲೋ ಇದೆ ಎಂದು ಅರ್ಥ. ಮಕ್ಕಳು ಇವೆರಡನ್ನೂ ಮುಟ್ಟಬಾರದು. ಆದರೆ ದಪ್ಪ ತಂತಿ ಕಟ್ಟುವುದನ್ನು ಕಂಡರೆ ಹಿರಿಯರಿಗೆ ಹೇಳಲೇಬೇಕು.

ಕುಕ್ಕರಿನ ಮುಚ್ಚಳದಲ್ಲಿ ಸೇಫ್ಟಿ ವಾಲ್ವ್ ಇರುವುದನ್ನು ನೋಡಿದ್ದೀರಿ. ಹಲವು ಕುಕ್ಕರುಗಳಲ್ಲಿ ಅದರ ನಡುವೆ ಬೇಗ ಕರಗುವ ಮಿಶ್ರಲೋಹದ ಒಂದು ಚುಕ್ಕೆ ಇರುತ್ತದೆ. ಕುಕ್ಕರಿನೊಳಗೆ ಅಡುಗೆ ಬೇಯುವುದು ಸುಮಾರು 120 ಡಿಗ್ರಿಯಲ್ಲಿ. ಆಗ ಒಳಗಿನ ಉಗಿ ಮುಚ್ಚಳದ ಪ್ರತಿ ಚದರ ಸೆಂಟಿಮೀಟರನ್ನು ಸುಮಾರು ಒಂದು ಕಿಲೋಗ್ರಾಂ ಬಲದಿಂದ ಮೇಲಕ್ಕೆ ತಳ್ಳುತ್ತದೆ. ಮುಚ್ಚಳದ ವ್ಯಾಸ 20 ಸೆಂಟಿಮೀಟರ್ ಎಂದುಕೊಳ್ಳಿ. ವಿಸ್ತೀರ್ಣ 314 ಚದರ ಸೆಂಟಿಮೀಟರ್. ಮೂರು ಕ್ವಿಂಟಾಲಿಗೂ ಹೆಚ್ಚಿನ ಬಲ! ಸಿಳ್ಳೆಯ ತೂತು ಕಟ್ಟಿಕೊಂಡರೆ, ನೀರು ಆರಿಹೋದರೆ, ಉಷ್ಣತೆ ಇನ್ನೂ ಏರುತ್ತದೆ. ಆಗ ಆ ಚುಕ್ಕೆ ಕರಗಿ ದಾರಿ ಬಿಡುತ್ತದೆ. ಅದು ಹೋದಾಗ ತೂತಿಗೆ ನಟ್ಟು-ಬೋಲ್ಟು ಬಿಗಿಯುವುದು ಎಂದರೆ ಮುಚ್ಚಳಕ್ಕೇ ಹಾರಿಹೋಗು ಎಂದು ಹೇಳಿದಂತೆ. ಅದೇ ಕುಕ್ಕರಿಗೆಂದು ಮಾಡಿದ ಹೊಸ ವಾಲ್ವನ್ನೇ ತಂದು ಹಾಕಬೇಕು.

ಸೀಸದ ವಿಷಯವನ್ನೂ ಹೇಳಬೇಕು. 327 ಡಿಗ್ರಿಗೆ ಕರಗುವುದರಿಂದ ಅದನ್ನು ಒಲೆಯ ಮೇಲೇ ಕರಗಿಸಿ ಬೇಕಾದ ಆಕಾರಕ್ಕೆ ಹೊಯ್ಯಬಹುದು. ಹಳೆಯ ಬ್ಯಾಟರಿಯ ಸೀಸವನ್ನು ಹೀಗೆ ಕರಗಿಸುವವರಿದ್ದಾರೆ. ಅದರ ಹೊಗೆ ಮತ್ತು ಧೂಳು ಮಕ್ಕಳ ಮಿದುಳಿಗೆ ಮಾಡುವ ಹಾನಿಯನ್ನು ಮತ್ತೆ ಸರಿಪಡಿಸಲಾಗದು. ನೀರಿನ ಕೊಡಕ್ಕಾಗಲಿ, ನಲ್ಲಿಗಾಗಲಿ, ಅಡುಗೆ ಪಾತ್ರೆಗಾಗಲಿ ಸೀಸದ ತೇಪೆ ಬೇಡವೇ ಬೇಡ. ಜಿ.ಐ. ತಗಡನ್ನು ಕೆಂಪಗೆ ಕಾಯಿಸಿದರೂ ಬಿಳಿಯ ಹೊಗೆ ಬರುತ್ತದೆ. ಅದು ಸತುವಿನ ಹೊಗೆ, ಉಸಿರಾಡಿದರೆ ಚಳಿಜ್ವರ ಬಂದಂತಾಗುತ್ತದೆ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಒಂದೇ ಬಗೆಯ ಮೂರು ಕಬ್ಬಿಣದ ಮೊಳೆಗಳು (ಮರಳು ಕಾಗದದಿಂದ ಉಜ್ಜಿದವು), ಒಂದು ಗೇಣು ಬರಿಯ ತಾಮ್ರದ ತಂತಿ, ಒಂದು ಗೇಣು ತೆಳು ಜಿ.ಐ. ತಂತಿ, ಮೂರು ಗಾಜಿನ ಲೋಟ, ಉಪ್ಪು.

ಒಂದು ಮೊಳೆಗೆ ತಾಮ್ರದ ತಂತಿಯನ್ನು, ಇನ್ನೊಂದಕ್ಕೆ ಜಿ.ಐ. ತಂತಿಯನ್ನು ಬಿಗಿಯಾಗಿ ಸುತ್ತಿ. ಮೊಳೆಯ ಅರ್ಧ ಭಾಗ ಕಾಣುವಂತೆ ಇರಲಿ. ಮೂರನೆಯದು ಬರಿಯ ಮೊಳೆ. ಪ್ರತಿ ಲೋಟಕ್ಕೆ ಒಂದೇ ಅಳತೆಯ ನೀರು, ಒಂದು ಚಮಚ ಉಪ್ಪು ಹಾಕಿ ಮೊಳೆಗಳನ್ನು ಮುಳುಗಿಸಿ, ತರಗತಿಯ ಕಿಟಕಿಯ ಬಳಿ ಇಡಿ. ಯಾವ ಲೋಟದಲ್ಲಿ ಯಾವ ಮೊಳೆ ಎಂದು ಚೀಟಿ ಅಂಟಿಸಿ. ದಿನವೂ ಒಂದೇ ಹೊತ್ತಿಗೆ ನೋಡಿ ಬರೆದಿಡಿ. ಮೊದಲು ನೀರು ಕೆಂಪಾಗುವುದು ಯಾವ ಲೋಟದಲ್ಲಿ? ಜಿ.ಐ. ತಂತಿಯ ಮೇಲೆ ಬಿಳಿಯ ಪುಡಿಯಂಥದು ಕಂಡರೆ ಅದು ಯಾವ ಲೋಹದಿಂದ ಬಂದಿರಬಹುದು? ಐದನೆಯ ದಿನ ತಂತಿಗಳನ್ನು ಬಿಚ್ಚಿ, ಅವು ತಾಗಿದ್ದ ಜಾಗದಲ್ಲಿ ಮೂರೂ ಮೊಳೆಗಳನ್ನು ಹೋಲಿಸಿ ನೋಡಿ.